ಹೊಸ್ತಿಲು ದಾಟದ ಸುದ್ದಿ

"ಏ ಬಾಯೋರೆ! ಹಗ್ಗ ದಾಟಬೇಡ್ರಿ!"

ಪೂರ್ಣಿಮಾ ಬೆಚ್ಚಿ ನಿಂತಳು. ಆದರೆ ಹೊತ್ತು ಮೀರಿತ್ತು. ಅವಳ ಒಂದು ಕಾಲು ಹಗ್ಗದ ಆಚೆ, ಇನ್ನೊಂದು ಈಚೆ!

ಕಾರವಾರದ ಕಡಲತೀರದಲ್ಲಿ ರಂಪಣಿ ಬಲೆ ಎಳೆಯುತ್ತಿದ್ದರು. ದೂರದವರೆಗೆ ಸುತ್ತುಹಾಕಿ ಬಿಟ್ಟ ಬಲೆಯ ಎರಡೂ ತುದಿಗಳನ್ನು ದಡದ ಮೇಲೆ ಇಪ್ಪತ್ತು ಇಪ್ಪತ್ತು ಜನ ಹಿಡಿದು, ಏಕದನಿಯಲ್ಲಿ ಕೂಗುತ್ತ ಹಿಂದೆ ಹಿಂದೆ ಸರಿಯುತ್ತಿದ್ದರು. ಎಳೆಯುವ ಹಗ್ಗವನ್ನು ದಾಟಿದರೆ ಮೀನು ತಿರುಗಿ ಹೋಗುತ್ತದೆ ಎಂದು ಆ ದಡದಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಪೂರ್ಣಿಮಾಗೂ ಗೊತ್ತು. ಅಂಕೋಲೆ ಪೇಟೆಯಲ್ಲಿ ಮೀನು ಮಾರುವ ಕಾಶಿಯ ಕಿರಿಮಗಳು ಅವಳು. ಆದರೆ ಕಾರವಾರದ ಹತ್ತಿರದ ಕದ್ವಾಡದ ಖಾಸಗಿ ಶಾಲೆಯಲ್ಲಿ ಶನಿವಾರದ ಪಾಠ ಮುಗಿಸಿ, ಎದೆಗೆ ನೋಟುಬುಕ್ಕುಗಳ ಕಟ್ಟು ಒತ್ತಿಕೊಂಡು, ತನ್ನದೇ ಯೋಚನೆಯಲ್ಲಿ ನಡೆಯುತ್ತಿದ್ದವಳಿಗೆ ಹಗ್ಗ ಕಾಣಲೇ ಇಲ್ಲ.

ಕೂಗಿದವನು ಹತ್ತಿರ ಬಂದ. ಇಪ್ಪತ್ತೆಂಟರ ಪ್ರಾಯ, ಮೊಣಕಾಲಿನವರೆಗೆ ಮಡಚಿದ ಪ್ಯಾಂಟು, ಬಿಸಿಲಿಗೆ ಕಂದಿದ ಮುಖದ ತುಂಬ ನಗು.

"ದಾಟಿ ಆಯ್ತಲ್ಲ... ಈಗೆಂತ ಮಾಡುದು?" ಅವಳು ಅಳುಮುಖ ಮಾಡಿ ಕೇಳಿದಳು.

"ಮಾಡುದೆಂತ? ಹಗ್ಗಕ್ಕೆ ಕೈ ಹಚ್ಚಿ. ದಾಟಿದವ್ರೇ ಎಳೆದ್ರೆ ದೋಷ ಇಲ್ಲ."

"ಹಾಗಂತ ಯಾರು ಹೇಳಿದ್ದು?"

"ನಾನೇ. ಈಗಷ್ಟೆ!"

ನಗಬೇಕೋ ಸಿಟ್ಟಾಗಬೇಕೋ ತಿಳಿಯದೆ ಅವಳು ನೋಟುಬುಕ್ಕು ಮರಳಿನ ಮೇಲಿಟ್ಟು ಹಗ್ಗ ಹಿಡಿದಳು. ಅರ್ಧ ತಾಸಿನಲ್ಲಿ ಬಲೆ ದಡಕ್ಕೆ ಬಂತು. ಬೆಳ್ಳಿ ಬಂಗಡೆ ರಾಶಿ ರಾಶಿ ಪಟಪಟ ಹಾರುತ್ತಿತ್ತು! ಅವನು ಎರಡು ಬೊಗಸೆ ಮೀನನ್ನು ಪ್ಲಾಸ್ಟಿಕ್ ಕೊಟ್ಟೆಗೆ ತುಂಬಿ ಅವಳ ಕೈಗಿತ್ತ.

"ನಂಗ್ಯಾಕೆ?"

"ಹಗ್ಗ ಹಿಡಿದವ್ರಿಗೆಲ್ಲ ಪಾಲು. ನಿಮಗೆ ಬಿಟ್ಟು ತಿಂದ್ರೆ ನಂಗೆ ಅರಗುದಿಲ್ಲ, ಅಕ್ಕೋರೆ."

ನೋಟುಬುಕ್ಕು ನೋಡಿದವನೇ ಅವಳು ಟೀಚರೆಂದು ಊಹಿಸಿ ಅಕ್ಕೋರು ಮಾಡಿಬಿಟ್ಟಿದ್ದ. ಕೊಟ್ಟೆ ತುಂಬುವಷ್ಟರಲ್ಲಿ ತನ್ನ ಹೆಸರು ಸುಮಿತ, ಊರು ಅರ್ಗಾ, ಬೈತಖೋಲ ಬಂದರಿನಲ್ಲಿ ದೋಣಿ ಇಂಜಿನ್ ರಿಪೇರಿ ಮಾಡುತ್ತೇನೆ, ಮನೆಯಲ್ಲಿ ಆಯಿ ಒಬ್ಬಳೇ, ಅವಳಿಗೆ ಸಕ್ಕರೆ ಕಾಯಿಲೆ, ನಿನ್ನೆ ಡಾಕ್ಟರು ಕಡಿಮೆಯಾಗಿದೆ ಎಂದರು ಎಂಬುದನ್ನೆಲ್ಲ ಹೇಳಿ ಮುಗಿಸಿದ್ದ. ಆ ಕೊನೆಯ ಸುದ್ದಿಯನ್ನು ಪಕ್ಕದಲ್ಲಿದ್ದ ಇನ್ನೂ ನಾಲ್ವರಿಗೆ ಹೇಳಿದ. ಅವರೆಲ್ಲ ಸ್ವಂತ ತಾಯಿಯ ಕಾಯಿಲೆ ಇಳಿದಷ್ಟು ಖುಷಿಪಟ್ಟರು.

ಪೂರ್ಣಿಮಾ ಮಾತ್ರ ತನ್ನ ಹೆಸರನ್ನೂ ಹೇಳಲಿಲ್ಲ. ಬಸ್ಸಿನಲ್ಲಿ ಕೂತ ಮೇಲೆ ಕೊಟ್ಟೆಯನ್ನೇ ನೋಡಿದಳು. 'ಗುರುತಿಲ್ಲ, ಪರಿಚಯವಿಲ್ಲ... ಇವನಿಗೇನು ಬೇಕಿತ್ತು?'

ಹಾಗೆ ಯೋಚಿಸುವುದು ಅವಳ ತಪ್ಪಲ್ಲ, ಬೆಳೆದ ಮನೆಯೇ ಅಂಥದ್ದು.

ಏಳು ವರ್ಷದ ಹಿಂದೆ ಅವಳ ಅಕ್ಕ ಹೀರಾಳ ಮದುವೆ ಗೊತ್ತಾಗಿತ್ತು. ಕಾಶಿ ಸಂತೋಷ ತಡೆಯಲಾರದೆ ಇಡೀ ಕೇರಿಗೆ ಪೇಡೆ ಹಂಚಿದ್ದಳು. ಎಂಟನೆಯ ದಿನ ಗಂಡಿನ ಕಡೆಯವರು ಬೇಡವೆಂದರು. ಕಾರಣ ಯಾರೂ ಹೇಳಲಿಲ್ಲ. 'ದೃಷ್ಟಿ ಬಿತ್ತು' ಎಂದರು ಕೆಲವರು. 'ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದ್ರೆ ಇನ್ನೇನಾಗ್ತದೆ' ಎಂದರು ಪೇಡೆ ತಿಂದವರೇ.

ಅಂದಿನಿಂದ ಕಾಶಿಯದು ಒಂದೇ ಕಟ್ಟುಪಾಡು. ದುಃಖವಾದರೆ ಊರಿಗೆಲ್ಲ ಹೇಳಿಕೊಳ್ಳಬಹುದು, ಸಂತೋಷ ಮಾತ್ರ ಮನೆಯ ಹೊಸ್ತಿಲು ದಾಟಬಾರದು! ಪೂರ್ಣಿಮಾ ಫಸ್ಟ್ ಕ್ಲಾಸಿನಲ್ಲಿ ಪಾಸಾದ ದಿನ ತಾಯಿ ಕದ ಹಾಕಿ, ಅಡುಗೆಮನೆಯ ಮೂಲೆಯಲ್ಲಿ ನಿಲ್ಲಿಸಿ ಬಾಯಿಗೊಂದು ಚೂರು ಬೆಲ್ಲ ಹಾಕಿದ್ದಳು. "ಹೀರಾ ಎದುರಿಗೆ ಕುಣಿಬೇಡ. ಅದ್ಕೆ ಬೇಜಾರಾಗ್ತದೆ" ಎಂದು ಪಿಸುಗುಟ್ಟಿದ್ದಳು. ಹೊರಗಿನ ಕೋಣೆಯಲ್ಲಿ ಹೀರಾ ಹೊಲಿಗೆ ಮಿಶನ್ ತುಳಿಯುತ್ತಲೇ ಇದ್ದಳು.

ಆ ಬೆಲ್ಲ ಪೂರ್ಣಿಮಾಗೆ ಸಿಹಿಯೆನಿಸಿರಲಿಲ್ಲ. ಆದರೆ ಪಾಠ ಮಾತ್ರ ಗಟ್ಟಿಯಾಗಿ ಕೂತಿತ್ತು. ಯಾರು ನಕ್ಕರೂ ಅನುಮಾನ. ಯಾರು ಒಳ್ಳೆಯ ಮಾತಾಡಿದರೂ 'ಯಾಕಿರಬಹುದು?' ಎಂಬ ಹುಡುಕಾಟ.

ಮುಂದಿನ ಶನಿವಾರ ಅವಳು ಹಗ್ಗ ದಾಟದೆ ಎಚ್ಚರಿಕೆಯಿಂದ ನಡೆದಳು. ಆದರೂ ನಿಂತಳು. ಅದರ ಮುಂದಿನ ಶನಿವಾರ ಹೆಸರು ಹೇಳಿದಳು. ಡಿಸೆಂಬರಿನ ಹೊತ್ತಿಗೆ ಹಗ್ಗಕ್ಕೆ ಕೈ ಹಚ್ಚದೆಯೂ ಬಂಗಡೆ ಸಿಗುತ್ತಿತ್ತು. ಮೀನು ಮಾರುವವಳ ಮನೆಗೆ ಮಗಳು ಕಾರವಾರದಿಂದ ಮೀನು ತರುವುದನ್ನು ನೋಡಿ ಹೀರಾ ಒಂದು ಸಲ ಹುಬ್ಬು ಹಾರಿಸಿದ್ದಳು. "ಟೀಚರ್ ಒಬ್ಳು ಕೊಟ್ಲು" ಎಂದು ಪೂರ್ಣಿಮಾ ಸುಳ್ಳು ಹೇಳಿದ್ದಳು.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಅವನು ಮೊದಲ ಸಲ ತಡವರಿಸಿದ.

"ನನ್ನ ಮನಸಲ್ಲಿದ್ದದ್ದು ಇಡೀ ಬೈತಖೋಲಕ್ಕೆ ಗೊತ್ತಿರ್ತದೆ, ಪೂರ್ಣಿಮಾ. ಇದೊಂದು ಮಾತ್ರ... ನಿಂಗೇ ಮೊದ್ಲು ಹೇಳಬೇಕಂತ ಯಾರಿಗೂ ಹೇಳ್ಲಿಲ್ಲ."

ಅವನು ಹೇಳುವುದು ಏನೆಂದು ಗೊತ್ತಿತ್ತು. ಹೇಳಿದರೆ ಸಾಯುವಷ್ಟು ಸಂತೋಷವಾಗುತ್ತದೆಂದೂ ಗೊತ್ತಿತ್ತು. ಅವನು ಹೇಳಿದ. ಅವಳು ಹೂಂ ಎಂದು ತಲೆಯಾಡಿಸಿದಳು. ಅವನು ಎರಡು ಕೈ ಮೇಲೆತ್ತಿ ದಡದ ಕಡೆ ಓಡಲು ಹೊರಟಿದ್ದನ್ನು ನೋಡಿ ಅಂಗಿ ಹಿಡಿದೆಳೆದಳು.

"ಎಲ್ಲಿಗೆ?"

"ಹೇಳುಕೆ! ಎಲ್ಲರಿಗೆ!"

"ಬೇಡಾ! ನಂಗೊಂದು ನೌಕರಿ ಆಗ್ಲಿ. ಅಲ್ಲೀವರೆಗೆ ಯಾರಿಗೂ ಹೇಳಬಾರದು. ನಿಮ್ಮ ಆಯಿಗೂ!"

"ಖುಷಿ ಒಳಗೇ ಇಟ್ಕೊಂಡ್ರೆ ಕೊಳೀತದೆ ಮಾರಾಯ್ತಿ, ಮೀನಿನ ಹಾಗೆ."

"ಉಪ್ಪು ಹಾಕಿಟ್ರೆ ವರ್ಷಗಟ್ಲೆ ಇರ್ತದೆ."

"ಇರ್ತದೆ" ಎಂದ ಸುಮಿತ ಮುಖ ಸಣ್ಣದು ಮಾಡಿ. "ಒಣಗಿರ್ತದೆ."

ಆದರೂ ಮಾತು ಕೊಟ್ಟ.

ಮೇ ತಿಂಗಳ ಮೊದಲ ವಾರ ಕಾರವಾರದ ಶಿಕ್ಷಣ ಇಲಾಖೆ ಕಚೇರಿಯ ಫಲಕದಲ್ಲಿ, ಪೂರ್ಣಿಮಾ ಪರೀಕ್ಷೆ ಬರೆದಿದ್ದ ಸರ್ಕಾರಿ ಶಾಲೆ ಶಿಕ್ಷಕರ ನೇಮಕದ ತಾತ್ಕಾಲಿಕ ಪಟ್ಟಿ ಹಾಕಿದರು. 2005ನೇ ಇಸವಿಯ ಆ ಬೇಸಗೆಯಲ್ಲಿ ಜಿಲ್ಲೆಯ ಅರ್ಧ ಹುಡುಗಿಯರು ಆ ಫಲಕದ ಮುಂದೆಯೇ ನಿಂತಿದ್ದರೇನೋ! ಪೂರ್ಣಿಮಾಳ ಕಣ್ಣಿಗೆ ಕತ್ತಲೆ ಬಂದು ಸುಮಿತನೇ ಅವಳ ನಂಬರು ಹುಡುಕಿದ.

"ಅದೆ! ಪೂರ್ಣಿಮಾ, ಅದೆ! ಅಯ್ಯೋ... ತಡಿ, ಪೇಡೆ ತರ್ತೆ!"

"ಬಾಯಿ ಮುಚ್ಚಿ!" ಅವಳು ಹಲ್ಲು ಕಚ್ಚಿ ಪಿಸುಗುಟ್ಟಿದಳು. "ಇದು ತಾತ್ಕಾಲಿಕ ಪಟ್ಟಿ. ಇನ್ನು ಇಪ್ಪತ್ತು ದಿನ ಯಾರು ಬೇಕಾದ್ರೂ ತಕರಾರು ಅರ್ಜಿ ಕೊಡಬಹುದು. ಹೊಟ್ಟೆಕಿಚ್ಚಿನವ್ರಿಗೆ ಒಂದು ಕಾಗದ ಸಾಕು. ಯಾರಿಗೂ ಗೊತ್ತಾಗಬಾರ್ದು. ನಿಮಗೆ, ನಂಗೆ, ಅಷ್ಟೆ. ಆಯಿಗೂ ಇಲ್ಲ, ಅಕ್ಕನಿಗಂತೂ ಇಲ್ವೇ ಇಲ್ಲ!"

"ಅಕ್ಕನಿಗ್ಯಾಕೆ ಇಲ್ಲ?"

"ಅವಳಿಗೇನೂ ಆಗದೇ ಇದ್ದಾಗ ನಂಗೆ ನೌಕರಿ, ನಂಗೆ ಗಂಡು ಅಂತ ಹೇಳುದು ಹೇಗೆ? ಆಣೆ ಮಾಡಿ."

ಅವನು ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದ. ಮುಖ ಮಾತ್ರ ಬಿಸಿ ಗಂಜಿ ಬಾಯಿಗಿಟ್ಟುಕೊಂಡವನ ಹಾಗಿತ್ತು.

ವಾರ ಕಳೆಯುವಷ್ಟರಲ್ಲಿ ಸಂಶಯ ಶುರುವಾಯಿತು.

ಅಂಕೋಲೆ ಬಸ್ ಸ್ಟ್ಯಾಂಡಿನ ಹತ್ತಿರ ಬುಟ್ಟಿಯಿಟ್ಟು ಕೂರುವ ಹಾಲಕ್ಕಿ ಮುದುಕಿ ಬೊಮ್ಮು, ಪೂರ್ಣಿಮಾ ಕೊಂಡ ಇಶಾಡ ಮಾವಿನ ಜೊತೆಗೆ ಇನ್ನೆರಡು ಹಣ್ಣು ಸುಮ್ಮನೆ ಹಾಕಿದಳು.

"ಇದು ಯಾಕೆ?"

"ತಿನ್ನು ಮಗಾ... ತಿನ್ನುವ ಕಾಲ ಬಂತಲ್ಲ ನಿಂಗೆ!" ಬೊಮ್ಮುವಿನ ಕೊರಳ ತುಂಬಿದ ಮಣಿಸರಗಳೆಲ್ಲ ಅವಳ ನಗುವಿಗೆ ಕುಣಿದವು.

ಪೂರ್ಣಿಮಾ ಚೀಲದ ಬಾಯಿ ಕಟ್ಟಿಕೊಂಡು ಬೇಗ ಬೇಗ ನಡೆದಳು. 'ಯಾವ ಕಾಲ? ಇವಳಿಗೇನು ಗೊತ್ತು?'

ಮರುದಿನ ಹೂವಿನ ಮಾದಿ ಕರೆದು ಒಂದು ಮೊಳ ಅಬ್ಬಲಿಗೆ ಅವಳ ಜಡೆಗೆ ಮುಡಿಸಿದಳು. ಬೇಡವೆಂದರೂ ಕೇಳಲಿಲ್ಲ. ಮೀನು ಪೇಟೆಯಲ್ಲಿ ತಾಯಿಯ ಪಕ್ಕದ ಹೆಂಗಸರು ಅವಳು ಬರುತ್ತಿದ್ದ ಹಾಗೆ ಮಾತು ನಿಲ್ಲಿಸಿ, ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಕಾಶಿಗೆ ಮಾತ್ರ ಏನೂ ಗೊತ್ತಿದ್ದಂತಿರಲಿಲ್ಲ. ತಕ್ಕಡಿ ಹಿಡಿದು ಗಿರಾಕಿಯ ಜೊತೆ ಜಗಳವಾಡುತ್ತಿದ್ದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇಲ್ಲಿ ಯಾರೂ ಕಳ್ಳ ಅಂದಿರಲಿಲ್ಲ, ಪೂರ್ಣಿಮಾ ಮಾತ್ರ ದಿನಕ್ಕೆ ಹತ್ತು ಸಲ ಹೆಗಲು ಮುಟ್ಟಿಕೊಂಡಳು. ನೇರವಾಗಿ ಕೇಳಿಬಿಡೋಣವೆಂದರೆ, ಕೇಳಿದರೆ ಒಪ್ಪಿಕೊಂಡ ಹಾಗಾಗುತ್ತದಲ್ಲ! ಯಾರು ಅರ್ಜಿ ಬರೆಯುತ್ತಿರಬಹುದು? ಮೂಲೆಮನೆಯವರ ಮಗಳೂ ಪರೀಕ್ಷೆ ಬರೆದಿದ್ದಳು, ಅವಳಿಗೆ ಆಗಿಲ್ಲ... ಅವಳೇಕೆ ನಿನ್ನೆ ಅಷ್ಟು ಚೆನ್ನಾಗಿ ಮಾತಾಡಿಸಿದಳು?

ಹೀರಾಳ ಮುಖವನ್ನೂ ಕದ್ದು ನೋಡಿದಳು. ಅಕ್ಕ ತಲೆ ತಗ್ಗಿಸಿ ಹೊಲಿಯುತ್ತಿದ್ದಳು. ಒಮ್ಮೊಮ್ಮೆ ಮಿಶನ್ ನಿಲ್ಲಿಸಿ, "ಎಂತಾದ್ರೂ ಹೇಳುಕಿತ್ತಾ?" ಎಂದು ಕೇಳುತ್ತಿದ್ದಳು.

"ಎಂತ ಇಲ್ಲ" ಎನ್ನುತ್ತಿದ್ದಳು ಪೂರ್ಣಿಮಾ.

ಹದಿಮೂರನೆಯ ದಿನ ಬೊಮ್ಮು ದಾರಿಯಲ್ಲಿ ಅವಳ ಗಲ್ಲ ಹಿಡಿದು ಅಂದಳು. "ಅರ್ಗಾದ ಹುಡುಗ ಬಂಗಾರದಂಥವ್ನಂತೆ, ಹೌದನೆ ತಂಗೀ?"

ಅಷ್ಟೇ! ಪೂರ್ಣಿಮಾ ಅಲ್ಲಿಂದಲೇ ಕಾರವಾರದ ಬಸ್ಸು ಹತ್ತಿದಳು.

ಬೈತಖೋಲದಲ್ಲಿ ಸುಮಿತ ಒಂದು ದೋಣಿಯ ಇಂಜಿನ್ ಬಿಚ್ಚಿ ಕೂತಿದ್ದ. ಅವಳನ್ನು ನೋಡಿ ಮುಖ ಅರಳಿತು. ಅವಳ ಮುಖ ನೋಡಿ ಮತ್ತೆ ಬಾಡಿತು.

"ಹೇಳಿಬಿಟ್ರಿ, ಅಲ್ಲಾ?" ಅವಳು ದೋಣಿಯ ಬದಿಗೇ ಬಂದು ನಿಂತಳು. "ಆಣೆ ಮಾಡಿದ ಬಾಯಲ್ಲೇ ಹೇಳಿದ್ರಿ! ಅಂಕೋಲೆ ಪೇಟೆಗೆಲ್ಲ ಗೊತ್ತದೆ!"

"ನಾನು ಹೇಳ್ಲಿಲ್ಲ, ಪೂರ್ಣಿಮಾ."

"ಹಾಗಾದ್ರೆ ಯಾರು? ಗೊತ್ತಿದ್ದವ್ರು ಇಬ್ಬರೇ!"

ಅವನು ಬಾಯಿ ತೆರೆದ. ಮತ್ತೆ ಮುಚ್ಚಿದ. ಯಾವಾಗಲೂ ಗಲಗಲ ಎನ್ನುವ ಬಾಯಿ ಹಾಗೆ ಮುಚ್ಚಿದ್ದು ಅವಳಿಗೆ ತಪ್ಪೊಪ್ಪಿಗೆಯಂತೆಯೇ ಕಂಡಿತು.

"ನಿಮಗೆ ಗೊತ್ತದೆ! ಯಾರಂತ ಗೊತ್ತದೆ ನಿಮಗೆ!"

"ಗೊತ್ತದೆ. ಹೇಳುಕೆ ಬರುದಿಲ್ಲ. ಮಾತು ಕೊಟ್ಟಿದ್ದೆ."

"ನಂಗೂ ಮಾತು ಕೊಟ್ಟಿದ್ರಿ!"

"ಅದನ್ನೂ ಮುರಿಲಿಲ್ಲ." ಅವನ ಕಣ್ಣು ಕೆಂಪಾಗಿತ್ತು. "ನನ್ನ ಮೇಲೆ ಒಂದಿಷ್ಟು ನಂಬಿಕೆ ಇಡುಕೆ ಆಗುದಿಲ್ವಾ ನಿಂಗೆ? ಒಂದು ವಾರ..."

"ಒಂದು ವಾರದಲ್ಲಿ ಯಾರಾದ್ರೂ ಅರ್ಜಿ ಕೊಟ್ಟು ನನ್ನ ಹೆಸರು ಹೊಡೆಸ್ತಾರೆ! ನಿಮಗೇನು? ನಿಮಗೆ ಎಲ್ಲಾ ಹಂಚಿ ಗೊತ್ತು. ಹಂಚಿ ಕಳ್ಕೊಂಡವ್ರ ಮನೆ ನಮ್ದು." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಇನ್ಮುಂದೆ ನನ್ನ ದಾರಿ ಕಾಯಬೇಡಿ."

ಅವನು ಕರೆಯಲಿಲ್ಲ. ಕರೆದಿದ್ದರೆ ಅವಳು ನಿಲ್ಲುತ್ತಿದ್ದಳೇನೋ. ಬಂದರಿನ ಗೇಟಿನವರೆಗೂ ಕಿವಿ ಹಿಂದೆಯೇ ಇತ್ತು.

ಆ ಮೇಲಿನ ದಿನಗಳು ಹೇಗೆ ಕಳೆದವೆಂದು ಕೇಳಬೇಡಿ. ಕೂತಲ್ಲಿ ಸುಮಿತನ ಕೆಂಪು ಕಣ್ಣು, ನಿಂತಲ್ಲಿ ತಕರಾರು ಅರ್ಜಿ. ಸಂಶಯದ ಪಿಶಾಚಿ ಹೊಕ್ಕ ಮನೆಯಲ್ಲಿ ಹಸಿವೆಗೂ ಜಾಗವಿರುವುದಿಲ್ಲ. ಅವಳು ಬಡವಾದದ್ದನ್ನು ನೋಡಿ ಕಾಶಿ ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದಳು.

ಇಪ್ಪತ್ತಮೂರನೆಯ ದಿನ ಅಂತಿಮ ಪಟ್ಟಿ ಬಂತು.

ಯಾವ ಅರ್ಜಿಯೂ ಬಂದಿರಲಿಲ್ಲ! ಅವಳ ನಂಬರು ಇದ್ದಲ್ಲೇ ಇತ್ತು. ಎದುರಿಗೆ ಶಾಲೆಯ ಹೆಸರೂ ಇತ್ತು: ಹಿಲ್ಲೂರು. ಅಂಕೋಲೆ ತಾಲೂಕಿನದೇ ಊರು, ಘಟ್ಟದ ಬುಡದ ಕಾಡಿನ ನಡುವೆ.

ಪೂರ್ಣಿಮಾ ಮೂರು ಸಲ ಓದಿದಳು. ಇನ್ನೇನು ಸಂತೋಷ ಉಕ್ಕುತ್ತದೆ ಎಂದು ಕಾದಳು.

ಉಕ್ಕಲಿಲ್ಲ.

ಪಕ್ಕದಲ್ಲಿ ಯಾರದೋ ಅಪ್ಪ ಮಗಳ ತಲೆ ಸವರುತ್ತ ಅಳುತ್ತಿದ್ದ. ನಾಲ್ವರು ಗೆಳತಿಯರು ಒಬ್ಬರನ್ನೊಬ್ಬರು ತಬ್ಬಿ ಕುಪ್ಪಳಿಸುತ್ತಿದ್ದರು. ಅವರಲ್ಲೊಬ್ಬಳು ಇವಳ ಕಡೆ ತಿರುಗಿ ಉಸಿರು ಬಿಡುತ್ತ ಕೇಳಿದಳು. "ಅಕ್ಕಾ, ನಿಮ್ದು? ನಿಮ್ದೂ ಆಯ್ತಾ?"

"ಇಲ್ಲ" ಅಂದಳು ಪೂರ್ಣಿಮಾ.

ಯಾಕೆ ಹಾಗೆಂದಳೋ! ನಾಲಿಗೆ ತಾನೇ ಹೇಳಿಬಿಟ್ಟಿತ್ತು. ಅಷ್ಟು ವರ್ಷದ ಅಭ್ಯಾಸ.

ಆ ಹುಡುಗಿಯ ನಗು ಆರಿತು. ಹತ್ತಿರ ಬಂದು ಪೂರ್ಣಿಮಾಳ ಕೈ ಹಿಡಿದುಕೊಂಡಳು. "ಬೇಜಾರು ಮಾಡ್ಕೊಬೇಡಿ ಅಕ್ಕಾ. ಮುಂದಿನ ಸಲ ನಿಮ್ದು ಆಗೇ ಆಗ್ತದೆ. ನಾನು ದೇವ್ರಲ್ಲಿ ಕೇಳ್ಕೊಳ್ತೆ."

ಬದುಕಿನ ಅತಿ ದೊಡ್ಡ ಸಂತೋಷದ ದಿನ, ಗುರುತಿಲ್ಲದ ಹುಡುಗಿಯೊಬ್ಬಳು ಅವಳಿಗೆ ಸಮಾಧಾನ ಹೇಳುತ್ತಿದ್ದಳು!

ಪೂರ್ಣಿಮಾ ಹೂಂಗುಟ್ಟಿ ಕೈ ಬಿಡಿಸಿಕೊಂಡು ಹೊರಟಳು. ಬಸ್ಸಿನ ಕಿಟಕಿಯಲ್ಲಿ ಬಿಣಗಾ ಹೋಯಿತು, ಅರ್ಗಾ ಹೋಯಿತು. ಅರ್ಗಾದ ಸ್ಟಾಪಿನಲ್ಲಿ ಕಣ್ಣು ತಾನಾಗಿ ಹುಡುಕಿತು. ಯಾರೂ ಇರಲಿಲ್ಲ. 'ಯಾರ ದೃಷ್ಟಿಯೂ ಬೀಳಲಿಲ್ಲ. ಏನೂ ಕಳೆದುಹೋಗಲಿಲ್ಲ. ಎಲ್ಲಾ ಜೋಪಾನವಾಗಿದೆ. ಮತ್ತೆ ನನಗೇಕೆ ಅಳು ಬರ್ತಿದೆ?'

ಅಂಕೋಲೆಯಲ್ಲಿ ಇಳಿದವಳು ಸೀದಾ ಬೊಮ್ಮುವಿನ ಬುಟ್ಟಿಯ ಮುಂದೆ ನಿಂತಳು. ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ.

"ಬೊಮ್ಮು, ನಿಜ ಹೇಳು. ನನ್ನ ವಿಷಯ ನಿಂಗೆ ಯಾರು ಹೇಳಿದ್ದು?"

"ಯಾರು ಅಂದ್ರೆ? ನಿನ್ನ ಅಕ್ಕನೇ. ಹೀರಾ!"

ಅಕ್ಕ? ಅಕ್ಕನಿಗೆ ಗೊತ್ತಿತ್ತೇ? ಗೊತ್ತಿದ್ದೂ ಬಾಯಿ ಬಿಡದೆ ಹೊಲಿಯುತ್ತ ಕೂತಿದ್ದಳೇ? ಬೇಕೆಂದೇ ಪೇಟೆಗೆಲ್ಲ ಹರಡಿದಳೇ... ತನಗೆ ಆದದ್ದು ತಂಗಿಗೂ ಆಗಲಿ ಎಂದು? ಯೋಚಿಸಬಾರದ್ದನ್ನೆಲ್ಲ ಯೋಚಿಸುತ್ತ ಪೂರ್ಣಿಮಾ ಮನೆಗೆ ಓಡಿದಳು.

ಹೀರಾ ಯಾರದೋ ರವಿಕೆಗೆ ತೋಳು ಹಚ್ಚುತ್ತಿದ್ದಳು.

"ಬೊಮ್ಮುಗೆ ನೀನೇ ಹೇಳಿದ್ದಾ, ಅಕ್ಕಾ?"

ಮಿಶನ್ ನಿಂತಿತು. ಹೀರಾ ತಂಗಿಯ ಮುಖವನ್ನೇ ನೋಡಿದಳು. "ಕೊನೇ ಪಟ್ಟಿ ಬಂತಾ?"

"ಮೊದ್ಲು ನೀನು ಹೇಳು! ಯಾಕೆ ಹೇಳ್ದೆ ಅವಳಿಗೆ?"

"ಇಲ್ಲ. ಮೊದ್ಲು ನೀನು ಹೇಳು." ಹೀರಾ ರವಿಕೆಯನ್ನು ಪಕ್ಕಕ್ಕಿಟ್ಟಳು. "ಇಪ್ಪತ್ತೆರಡು ದಿನದಿಂದ ಕಾಯ್ತಿದ್ದೆ ನಾನು. ಒಂದೇ ಸಲ, ನಿನ್ನ ಬಾಯಲ್ಲಿ ನಂಗೆ ಹೇಳು ತಂಗೀ."

ಪೂರ್ಣಿಮಾಳ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ.

"ನಂಗೆ... ನೌಕರಿ ಆಯ್ತು, ಅಕ್ಕಾ. ಹಿಲ್ಲೂರು ಶಾಲೆ."

ಹೀರಾ ಕೂಗಿದ ಕೂಗಿಗೆ ಹಿತ್ತಲಿನ ಕೋಳಿಗಳು ಹಾರಿಬಿದ್ದವು! ತಂಗಿಯನ್ನು ಬಾಚಿ ತಬ್ಬಿಕೊಂಡಳು, ನಕ್ಕಳು, ಅತ್ತಳು, ಮತ್ತೆ ನಕ್ಕಳು. ಅವಳ ಕೊರಳಿನಲ್ಲಿ ನೇತಾಡುತ್ತಿದ್ದ ಟೇಪು ಇಬ್ಬರಿಗೂ ಸುತ್ತಿಕೊಂಡಿತು. ಅಕ್ಕನ ಎದೆ ಅಷ್ಟು ಜೋರಾಗಿ ಬಡಿಯುವುದನ್ನು ಕೇಳಿದಾಗಲೇ ಪೂರ್ಣಿಮಾಗೆ ತನಗೆ ನಿಜವಾಗಿ ನೌಕರಿ ಸಿಕ್ಕಿತೆಂದು ಅನಿಸಿತು. ಫಲಕದ ಮುಂದೆ ಬಾರದೆ ಉಳಿದದ್ದು ಈಗ ಒಮ್ಮೆಲೇ ಬಂತು. ಅವಳೂ ಬಿಕ್ಕಿ ಬಿಕ್ಕಿ ಅತ್ತಳು.

"ನಿನ್ನ ಹಾಲ್ ಟಿಕೆಟ್ ನಂಬರು ನಂಗೆ ಬಾಯಿಪಾಠ ಇತ್ತು" ಎಂದಳು ಹೀರಾ. "ನೀನು ನೋಡಿ ಬಂದ ಮರುದಿನವೇ ದಾರ ತರ್ತೆ ಅಂತ ಹೇಳಿ ಕಾರವಾರಕ್ಕೆ ಹೋಗಿ ನೋಡಿ ಬಂದೆ. ಹೇಳ್ತಿ, ಹೇಳ್ತಿ ಅಂತ ಕಾದೆ. ಹೇಳ್ಲೇ ಇಲ್ಲ ನೀನು. ಹೊಟ್ಟೆಯೊಳಗೆ ಇಟ್ಕೊಳ್ಳುಕಾಗ್ಲಿಲ್ಲ, ಬೊಮ್ಮು ಹತ್ರ ಹೇಳ್ದೆ. ಆಯಿ ಕಿವಿಗೆ ಹಾಕಬೇಡ ಅಂದ್ರೆ ಉಳಿದವ್ರಿಗೆಲ್ಲ ಹೇಳಿಬಿಟ್ಲು. ತಪ್ಪಾಯ್ತು."

"ನಿಂಗೆ ಬೇಜಾರಾಗ್ತದೆ ಅಂತ..."

"ಮದುವೆ ಮುರಿದದ್ದಕ್ಕೆ ನಾನು ಒಂದು ವರ್ಷ ಅತ್ತಿದ್ದೆ. ಮುಗೀತು. ಆಮೇಲೆ ಆರು ವರ್ಷ ಈ ಮನೇಲಿ ಯಾರೂ ನನ್ನೆದುರಿಗೆ ನಗಲಿಲ್ಲವಲ್ಲ, ಅದು ಮುಗೀಲೇ ಇಲ್ಲ. ನೀನು ಪಾಸಾದ ದಿನ ಒಳಗೆ ಬೆಲ್ಲ ತಿಂದ್ರಿ. ನಂಗೆ ಕೇಳ್ತಿತ್ತು. ನಂಗೆ ಒಂದು ಚೂರು ಕೊಡ್ಲಿಲ್ಲ." ಹೀರಾ ಮೂಗು ಒರೆಸಿಕೊಂಡಳು. "ನಾನು ನಿನ್ನ ಅಕ್ಕ, ಪೂರ್ಣಿಮಾ. ಸೂತಕದವಳಲ್ಲ."

ಬಾಗಿಲಲ್ಲಿ ಮೀನಿನ ಬುಟ್ಟಿ ಹಿಡಿದ ಕಾಶಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ರೂಢಿಯಂತೆ ಕದದ ಮೇಲೆ ಕೈಯಿಟ್ಟಳು, ಹಾಕಲಿಲ್ಲ. ಬುಟ್ಟಿ ಕೆಳಗಿಟ್ಟು ದೊಡ್ಡ ಮಗಳ ಕಾಲ ಬಳಿ ಕುಸಿದು ಕೂತಳು.

"ನಂಗೆ ತಿಳೀಲಿಲ್ಲ ಹೀರಾ" ಎಂದಳು. ಅಷ್ಟೇ ಅಂದಳು.

ಹೀರಾ ತಾಯಿಯ ಕೈ ಹಿಡಿದುಕೊಂಡೇ ತಂಗಿಯತ್ತ ತಿರುಗಿದಳು. "ಆ ಹುಡುಗ ಹೇಗಿದ್ದ? ಸುಮಿತ?"

ಪೂರ್ಣಿಮಾ ಗರಬಡಿದವಳಂತೆ ನಿಂತಳು. "ನಿಂಗೆ ಹೇಗೆ..."

"ಮೀನು ಮಾರುವವಳ ಮನೆಗೆ ಟೀಚರ್ ಬಂಗಡೆ ಕೊಡ್ತಾಳೇನೆ? ಪಟ್ಟಿ ನೋಡಿದ ದಿನವೇ ಬೈತಖೋಲಕ್ಕೂ ಹೋಗಿದ್ದೆ. ಶನಿವಾರ ಅಕ್ಕೋರಿಗೆ ಬಂಗಡೆ ಕೊಡುವವ್ನು ಯಾರಂತ ದಡದಲ್ಲಿ ಬಲೆ ಎಳೆಯುವ ನಾಲ್ಕು ಜನರ ಹತ್ರ ವಿಚಾರಿಸಿದ್ರೆ ಸಾಕಾಯ್ತು. ನಂಗೆ ಗೊತ್ತಾದದ್ದು ಪೂರ್ಣಿಮಾಗೆ ಹೇಳಬೇಡ, ಅವಳ ಬಾಯಿಂದಲೇ ಕೇಳಬೇಕು ಅಂತ ಆಸೆ ಅಂತ ಅವ್ನಿಗೆ ಅಂದೆ. ತಲೆ ಮೇಲೆ ಕೈಯಿಟ್ಟು ಆಣೆ ಮಾಡ್ದ. ಒಳ್ಳೆವ್ನು."

"ಅಕ್ಕಾ... ನಾನು ಅವ್ರಿಗೆ ಬೈದು ಬಂದೆ. ನನ್ನ ದಾರಿ ಕಾಯಬೇಡಿ ಅಂದೆ!"

"ಅಯ್ಯೋ ಹುಚ್ಚೀ! ಮತ್ತೆ ಇಲ್ಲಿ ನಿಂತು ಎಂತ ಮಾಡ್ತಿ? ಹೋಗು!"

ಮಳೆಗಾಲ ಹತ್ತಿರ ಬಂದಿತ್ತು. ಬೈತಖೋಲದಲ್ಲಿ ದೋಣಿಗಳನ್ನು ಮೇಲಕ್ಕೆಳೆದು ತೆಂಗಿನ ತಟ್ಟಿಗಳ ಮಾಡು ಕಟ್ಟುತ್ತಿದ್ದರು. ಸುಮಿತ ಒಂದು ದೋಣಿಯ ನೆರಳಲ್ಲಿ ಇಂಜಿನ್ನಿಗೆ ಗ್ರೀಸ್ ಬಳಿಯುತ್ತಿದ್ದ. ಗಡ್ಡ ಬಂದಿತ್ತು. ಸುತ್ತ ಜನರಿದ್ದರೂ ಯಾರ ಜೊತೆಗೂ ಮಾತಿಲ್ಲ.

"ಅಕ್ಕ ಎಲ್ಲಾ ಹೇಳಿದ್ಲು" ಎಂದಳು ಪೂರ್ಣಿಮಾ, ಏದುಸಿರು ಬಿಡುತ್ತ.

ಅವನು ತಲೆಯೆತ್ತಿದ. ಮತ್ತೆ ಗ್ರೀಸಿನ ಡಬ್ಬಿ ನೋಡಿದ. "ನಂಗೆ ಬೇಜಾರಾಗಿದೆ. ಆಗ್ಲಿಲ್ಲ ಅಂತ ಸುಳ್ಳು ಹೇಳುದಿಲ್ಲ."

"ನಂಗೆ ಸಂಶಯ ಪಡುದು ಒಂದೇ ಗೊತ್ತಿತ್ತು. ಯಾರಾದ್ರೂ ಪ್ರೀತಿಯಿಂದ ಕೊಟ್ರೆ ಯಾಕೆ ಕೊಟ್ರು ಅಂತ ಹುಡುಕ್ತಿದ್ದೆ. ನಿಮ್ಮನ್ನೂ ಹಾಗೇ ನೋಡ್ದೆ." ಅವಳಿಗೆ ಕಣ್ಣು ಮಂಜಾಯಿತು. "ನನ್ನನ್ನ ಕ್ಷಮಿಸ್ತ್ರಾ?"

ಅವನು ಬಟ್ಟೆಯಲ್ಲಿ ಬೆರಳು ಒಂದೊಂದಾಗಿ ಒರೆಸಿಕೊಂಡ.

"ಸುಮಿತ, ನಂಗೆ ನೌಕರಿ ಆಯ್ತು."

"ಗೊತ್ತದೆ. ಬೆಳಿಗ್ಗೆ ಎಲ್ಲರಿಗಿಂತ ಮೊದ್ಲು ಹೋಗಿ ನೋಡಿ ಬಂದೆ. ಹಿಲ್ಲೂರು."

"ಯಾರಿಗಾದ್ರೂ..."

"ಹೇಳ್ಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತ್ರೆ ತುತ್ತು ಇಳೀಲಿಲ್ಲ. ಆಯಿ ಕೇಳಿದ್ಲು, ಎಂತಾಯ್ತು ಮಗಾ, ಯಾರಾದ್ರೂ ಬೈದ್ರಾ ಅಂತ. ಇಷ್ಟು ದೊಡ್ಡ ಖುಷಿ ಆಗಿದೆ, ಅವಳು ತನ್ನ ತಾಟು ಬಿಟ್ಟು ನನ್ನ ಬೆನ್ನು ಸವರ್ತಿದ್ದಾಳೆ!" ಅವನು ಗ್ರೀಸಿನ ಡಬ್ಬಿ ಮುಚ್ಚಿದ. "ಒಬ್ನೇ ಖುಷಿಪಡುದು ನಂಗೆ ಬರುದಿಲ್ಲ ಪೂರ್ಣಿಮಾ. ಅದು ನಂಗೆ ಶಿಕ್ಷೆ."

"ನಂಗೂ" ಎಂದಳು ಅವಳು. "ಇವತ್ತು ಗೊತ್ತಾಯ್ತು."

ಪಕ್ಕದ ದೋಣಿಯ ಬುಡದಲ್ಲಿ ಬಲೆ ಹೆಣೆಯುತ್ತಿದ್ದ ಮುದುಕ ಜಟ್ಟಪ್ಪ ಕತ್ತು ಚಾಚಿ ನೋಡಿದ. "ಏ ಸುಮಿತ, ಯಾರೋ ಈ ಬಾಯಿ? ಯಾಕೆ ಅಳ್ತಾಳೆ?"

ಸುಮಿತ ಬಾಯಿ ತೆರೆದವನು ಹಾಗೇ ನಿಲ್ಲಿಸಿ ಅವಳ ಕಡೆ ನೋಡಿದ. ಕೊಟ್ಟ ಮಾತು ಇನ್ನೂ ಅವನ ಗಂಟಲಲ್ಲೇ ಇತ್ತು. ಹೇಳುವುದಿದ್ದರೆ ಅವಳೇ ಹೇಳಬೇಕಿತ್ತು.

ಪೂರ್ಣಿಮಾ ಸುತ್ತ ನೋಡಿದಳು. ತಟ್ಟಿ ಕಟ್ಟುತ್ತಿದ್ದವರು ಕೈ ನಿಲ್ಲಿಸಿದ್ದರು. ಹೆದರಿಕೆಯಿತ್ತು, ಇಲ್ಲವೆಂದಲ್ಲ. ಆದರೂ ಸೆರಗು ಸರಿಮಾಡಿಕೊಂಡು ತಲೆಯೆತ್ತಿದಳು.

"ನಾನು ಪೂರ್ಣಿಮಾ, ಅಜ್ಜಾ. ಅಂಕೋಲೆ ಕಾಶಿ ಮಗಳು. ನಂಗೆ ಇವತ್ತು ಸರ್ಕಾರಿ ಶಾಲೆಯಲ್ಲಿ ನೌಕರಿ ಆಯ್ತು. ಇವ್ರನ್ನ ಮದುವೆ ಆಗುವವಳು ನಾನು."

ಸುಮಿತನ ಗಡ್ಡದ ಮುಖದಲ್ಲಿ ನಗು ಮೆಲ್ಲಗೆ ಹರಡಿಕೊಂಡಿತು. ಅವನು ಹತ್ತಿರ ಬಂದು ತಗ್ಗಿದ ದನಿಯಲ್ಲಿ ಅಂದ.

"ಇನ್ನೊಂದು ಸಲ ಹೇಳು."

"ಯಾಕೆ? ಕೇಳ್ಲಿಲ್ವಾ ನಿಮಗೆ?"

"ನಂಗೆ ಕೇಳ್ತು. ಅಜ್ಜನಿಗೆ ಕಿವಿ ಮಂದ."

ಅವಳು ಕಣ್ಣೊರೆಸಿಕೊಂಡು, ಗಂಟಲು ಸರಿಮಾಡಿಕೊಂಡು, ತರಗತಿಯ ಹಿಂದಿನ ಬೆಂಚಿಗೂ ಕೇಳುವ ಹಾಗೆ ಮತ್ತೊಮ್ಮೆ ಹೇಳಿದಳು.

"ನಂಗೆ ಮೊದಲನೇ ಸಲವೇ ಕೇಳ್ತು ಮಗಾ" ಎಂದು ಜಟ್ಟಪ್ಪ ಬೊಚ್ಚುಬಾಯಿ ಬಿಟ್ಟು ನಕ್ಕ. "ಆದ್ರೂ ಹೇಳು, ಹೇಳು. ಕೇಳುಕೆ ಚಲೋ ಅದೆ."

"ನಡೀರಿ" ಎಂದಳು ಪೂರ್ಣಿಮಾ, ಗ್ರೀಸು ಮೆತ್ತಿದ ಅವನ ಕೈಯನ್ನೇ ಹಿಡಿದು.

"ಎಲ್ಲಿಗೆ?"

"ಅರ್ಗಾಕ್ಕೆ, ಹೇಳುಕೆ. ನಿಮ್ಮ ಆಯಿ ಇನ್ನೂ ಊಟ ಮಾಡಿರ್ಲಿಕ್ಕಿಲ್ಲ."